ಟಿವಿಗೆ ಒಂದು ತಿಂಗಳು ರಜೆ: ಮನೆಯಲ್ಲಿ ಜಗಳ ಆಗದಂತೆ ಮಾಡುವ ಬಗೆ

ಎಷ್ಟೋ ಮನೆಗಳಲ್ಲಿ ಟಿವಿಯನ್ನು ಯಾರೂ ನೋಡುತ್ತಿರುವುದಿಲ್ಲ. ಅದು ಓಡುತ್ತಿರುತ್ತದೆ, ಅಷ್ಟೇ. ಬೆಳಿಗ್ಗೆ ಕಾಫಿಗೆ ಮುಂಚೆ ರಾಶಿ ಭವಿಷ್ಯ, ಆಮೇಲೆ ಬ್ರೇಕಿಂಗ್ ನ್ಯೂಸ್, ಮಧ್ಯಾಹ್ನ ನಿನ್ನೆಯ ಧಾರಾವಾಹಿಯ ಮರುಪ್ರಸಾರ. ಮಗು ಶಾಲೆಯಿಂದ ಬಂದ ಮೇಲೆ ಕಾರ್ಟೂನ್. ದೀಪ ಹಚ್ಚಿದ ಮೇಲೆ ಮತ್ತೆ ಧಾರಾವಾಹಿ. ರಾತ್ರಿ ಹತ್ತೂವರೆಗೆ ಯಾರೋ ಒಬ್ಬರು ಸೋಫಾದಲ್ಲೇ ನಿದ್ದೆ ಹೋಗಿರುತ್ತಾರೆ, ಟಿವಿ ಇನ್ನೂ ಮಾತಾಡುತ್ತಲೇ ಇರುತ್ತದೆ.

ಇಂಥ ಮನೆಯಲ್ಲಿ "ನಾಳೆಯಿಂದ ಟಿವಿ ಬಂದ್" ಎಂದು ಸಾರಿದರೆ ಎರಡು ದಿನವೂ ನಡೆಯುವುದಿಲ್ಲ. ಯಾಕೆಂದರೆ ಆ ಪೆಟ್ಟಿಗೆ ಮನೆಯಲ್ಲಿ ನಾಲ್ಕೈದು ಕೆಲಸ ಮಾಡುತ್ತಿರುತ್ತದೆ. ಮಗುವಿಗೆ ಊಟ ಮಾಡಿಸುತ್ತದೆ. ಹಗಲೆಲ್ಲ ಒಬ್ಬರೇ ಇರುವ ಅಜ್ಜಿಗೆ ಜೊತೆ ಕೊಡುತ್ತದೆ. ಏಳು ಗಂಟೆಯ ಧಾರಾವಾಹಿ ಶುರುವಾಯಿತು ಎಂದರೆ ಅನ್ನಕ್ಕೆ ಇಡುವ ಹೊತ್ತು. ಗಂಡ ಹೆಂಡತಿ ಮುನಿಸಿಕೊಂಡಿದ್ದರೆ ಮಾತಾಡದೆ ಕೂರಲು ಒಂದು ನೆಪ. ಟಿವಿ ಆರಿಸುವ ಮುಂಚೆ ಈ ಕೆಲಸಗಳನ್ನೆಲ್ಲ ಬೇರೆ ಯಾರಿಗಾದರೂ ಒಪ್ಪಿಸಬೇಕು. ರಜೆ ನಿಲ್ಲುವುದೂ ಮುರಿಯುವುದೂ ಅದರ ಮೇಲೆಯೇ.

ತಿಂಗಳೇ ಯಾಕೆ ಅಂದರೆ, ರೀಚಾರ್ಜ್ ಲೆಕ್ಕ ಹೆಚ್ಚಾಗಿ ತಿಂಗಳದ್ದು. ಅಲ್ಲದೆ ಮೊದಲ ವಾರ ಎಲ್ಲರೂ ಸಿಡಿಮಿಡಿ ಅನ್ನುವುದರಲ್ಲೇ ಹೋಗುತ್ತದೆ, ವಾರಕ್ಕೇ ನಿಲ್ಲಿಸಿದರೆ ಸಿಡಿಮಿಡಿ ಮಾತ್ರ ಗಿಟ್ಟುತ್ತದೆ. ಕಥೆ ತಪ್ಪಿಹೋಗುತ್ತದೆ ಎಂಬ ಭಯ ಬೇಡ. ತಿಂಗಳು ಬಿಟ್ಟು ನೋಡಿದರೂ ತಾಳಿ ಹಿಡಿದ ಕೈ ಅಲ್ಲೇ ನಿಂತಿರುತ್ತದೆ.

ಮೊದಲು ಫ್ರಿಜ್ಜಿನ ಮೇಲೆ ಒಂದು ಹಾಳೆ

ಟಿವಿ ಆರಿಸುವ ಮುಂಚಿನ ಒಂದು ವಾರ ಏನನ್ನೂ ಬದಲಿಸಬೇಡಿ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಫ್ರಿಜ್ಜಿಗೋ ಬಾಗಿಲಿಗೋ ಅಂಟಿಸಿ, ಪಕ್ಕದಲ್ಲೇ ಪೆನ್ನು ಕಟ್ಟಿಡಿ. ಟಿವಿ ಹಾಕಿದವರು ಹೊತ್ತು, ಚಾನೆಲ್, ಯಾಕೆ ಹಾಕಿದ್ದು ಎಂದು ಒಂದೇ ಸಾಲು ಬರೆಯಬೇಕು. ಹಾಳೆ ಹೆಚ್ಚುಕಡಿಮೆ ಹೀಗೆ ತುಂಬುತ್ತದೆ:

6:45 – ಭವಿಷ್ಯ – ಅಮ್ಮ, ದಿನಾ ನೋಡೋದು
7:30 – ನ್ಯೂಸ್ – ಅಪ್ಪ ಹಾಕಿದ್ದು, ಸ್ನಾನಕ್ಕೆ ಹೋದರು
1:15 – ಮರುಪ್ರಸಾರ – ಊಟಕ್ಕೆ ಒಬ್ಬಳೇ
4:20 – ಕಾರ್ಟೂನ್ – ದೋಸೆ ತಿನ್ನಲಿ ಅಂತ
7:00ರಿಂದ 10:00 – ಧಾರಾವಾಹಿ – ಎಲ್ಲರೂ (?)

ಆ ಪ್ರಶ್ನಾರ್ಥಕ ಚಿಹ್ನೆಯನ್ನೇ ಹಿಡಿದುಕೊಳ್ಳಿ. "ಎಲ್ಲರೂ ನೋಡುತ್ತೇವೆ" ಅನ್ನುವ ಮೂರು ಗಂಟೆಯಲ್ಲಿ ಒಬ್ಬರು ಮೊಬೈಲ್ ನೋಡುತ್ತಿರುತ್ತಾರೆ, ಒಬ್ಬರು ಅಡುಗೆಮನೆಗೂ ಹಾಲಿಗೂ ಓಡಾಡುತ್ತಿರುತ್ತಾರೆ, ಮಗು ಹೋಮ್‌ವರ್ಕ್ ಪುಸ್ತಕ ತೆರೆದು ಟಿವಿಗೆ ಓರೆಗಣ್ಣು ಹಾಕುತ್ತಿರುತ್ತದೆ. ನಿಜವಾಗಿ ನೋಡುವವರು ಒಬ್ಬರೋ ಇಬ್ಬರೋ. ವಾರ ಮುಗಿದ ಮೇಲೆ ಯಾರೂ ನೋಡದ ಸಾಲುಗಳಿಗೆ ಕೆಂಪು ಗೆರೆ ಎಳೆಯಿರಿ. ಅವನ್ನು ಬಿಡಲು ಯಾರ ತಕರಾರೂ ಇರುವುದಿಲ್ಲ. ಮಾತಾಡಬೇಕಾದದ್ದು ಉಳಿದ ಸಾಲುಗಳ ಬಗ್ಗೆ.

ಹಿರಿಯರನ್ನು ಕೇಳಿ, ಅವರಿಗೆ ಹೇಳಬೇಡಿ

ಮನೆಯಲ್ಲಿ ಅತ್ತೆಯೋ ಅಮ್ಮನೋ ಅಜ್ಜನೋ ಇದ್ದರೆ ತೀರ್ಮಾನ ಮಾಡಿ ತಿಳಿಸುವ ದಾರಿ ಕೆಲಸ ಮಾಡುವುದಿಲ್ಲ. ಮಾಡಲೂಬಾರದು. ದಿನದಲ್ಲಿ ಎಂಟು ಗಂಟೆ ಒಬ್ಬರೇ ಇರುವವರಿಗೆ ಟಿವಿ ಎಂದರೆ ಮನೆಯಲ್ಲಿ ಇನ್ನೊಂದು ದನಿ. ಅದನ್ನು ಕಿತ್ತುಕೊಂಡು ನಾವು ಆಫೀಸಿಗೆ ಹೋಗಿಬಿಟ್ಟರೆ ಅದಕ್ಕೆ ಶಿಸ್ತು ಅನ್ನುವುದು ಹೇಗೆ?

ಹಾಗಾಗಿ ಹಾಳೆಯನ್ನು ಅವರ ಮುಂದಿಟ್ಟು ಕೇಳಿ. ನಮ್ಮ ಮನೆಯಲ್ಲಿ ಆದ ಮಾತು ಇಷ್ಟೇ.

"ಅತ್ತೆ, ಸಂಜೆಯ ಈ ಆರು ಧಾರಾವಾಹಿಯಲ್ಲಿ ನಿಮಗೆ ಬಿಡೋಕೇ ಆಗದೇ ಇರೋದು ಯಾವುದು?"

"ಆ ಏಳು ಗಂಟೆದೊಂದು ಇರಲಿ. ಮಿಕ್ಕಿದ್ದನ್ನ ನಾನೆಲ್ಲಿ ನೋಡ್ತೀನಮ್ಮಾ, ಹಾಕಿರ್ತೀರಲ್ಲ ಅಂತ ಕೂತಿರ್ತೀನಿ."

ನಾವು ಅವರಿಗೋಸ್ಕರ ಹಾಕಿದ್ದೇವೆ ಅಂದುಕೊಂಡಿದ್ದೆವು, ಅವರು ನಮಗೋಸ್ಕರ ಕೂತಿದ್ದರು! ಎಲ್ಲರ ಮನೆಯಲ್ಲೂ ಇಷ್ಟು ಸುಲಭ ಆಗಲಿಕ್ಕಿಲ್ಲ. ಎರಡು ಬೇಕು, ಮೂರು ಬೇಕು ಅಂದರೆ ಕೊಡಿ. ಹಿರಿಯರ ಪಾಲಿನ ಧಾರಾವಾಹಿಯನ್ನು ಫೋನಿನಲ್ಲೋ ಟ್ಯಾಬ್‌ನಲ್ಲೋ ಅವರ ಕೋಣೆಯಲ್ಲಿ ಹಾಕಿಕೊಡಬಹುದು. ಚಾನೆಲ್‌ಗಳ ಆ್ಯಪ್‌ಗಳಲ್ಲಿ ಸಂಚಿಕೆ ಆಮೇಲೂ ಸಿಗುತ್ತದೆ, ಮಧ್ಯಾಹ್ನ ಬಿಡುವಾದಾಗ ನೋಡಲಿ. ಸಂಜೆ ಹೊತ್ತಿಗೆ ಹಾಲ್‌ನ ಟಿವಿ ಆರಿತಲ್ಲ, ಅಷ್ಟು ಸಾಕು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಅವರ ಟಿವಿಯನ್ನು ಮುಟ್ಟಲೇಬೇಡಿ. ದಿನದ ರೂಢಿ ತಪ್ಪಿದರೆ ಅವರಿಗೆ ಗಲಿಬಿಲಿ ಜಾಸ್ತಿ.

ನ್ಯೂಸ್ ನೋಡುವ ಅಪ್ಪಂದಿರ ಜೊತೆ ಚೌಕಾಸಿ ಸ್ವಲ್ಪ ಕಷ್ಟ. ಲೋಕದಲ್ಲಿ ಏನಾಗುತ್ತಿದೆ ಅಂತ ಗೊತ್ತಾಗಬೇಡವಾ ಅನ್ನುತ್ತಾರೆ. ಪೇಪರ್ ಹಾಕಿಸಿಕೊಡಿ. ಈಗಾಗಲೇ ಬರುತ್ತಿದ್ದರೆ ಇನ್ನೊಂದು ಪೇಪರ್ ಸೇರಿಸಿ. ಒಂದೇ ಸುದ್ದಿಯನ್ನು ಹಿನ್ನೆಲೆ ಸಂಗೀತ ಹಾಕಿ ಅರ್ಧ ದಿನ ತಿರುಗಿಸುವುದಕ್ಕೆ ಪೇಪರಿನಲ್ಲಿ ಜಾಗ ಇಲ್ಲ, ಅಷ್ಟೇ ವ್ಯತ್ಯಾಸ.

ಯಾವ ತಿಂಗಳು ಒಳ್ಳೆಯದು

ಮಾರ್ಚ್ ಕೊನೆಯಿಂದ ಮೇ ಕೊನೆ ತನಕ ಐಪಿಎಲ್. ಆರ್‌ಸಿಬಿ ಆಡುವ ದಿನ ಟಿವಿ ಆರಿಸಿ ಎಂದರೆ ಯಾರು ಕೇಳುತ್ತಾರೆ? ಬಿಗ್ ಬಾಸ್ ಕನ್ನಡ ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ ಶುರುವಾಗಿ ಜನವರಿ ತನಕ ನಡೆಯುತ್ತದೆ. ಇವೆರಡರ ನಡುವೆ ಜೂನ್, ಜುಲೈ, ಆಗಸ್ಟ್ ಉಳಿಯಿತು. ಶಾಲೆ ಶುರುವಾಗಿ ಮನೆಯ ಹೊತ್ತುಗೊತ್ತು ಹೇಗೂ ಹೊಸದಾಗಿ ಕೂಡಿಕೊಳ್ಳುವ ಕಾಲ ಅದು. ನನ್ನ ಓಟು ಜೂನ್ ಎರಡನೇ ವಾರಕ್ಕೆ.

ಶುರು ಮಾಡುವ ದಿನ ಶನಿವಾರ ಇರಲಿ. ಧಾರಾವಾಹಿಗಳು ವಾರದ ಕೊನೆಗೆ ಒಂದು ಕೊಕ್ಕೆ ಹಾಕಿ ನಿಲ್ಲಿಸುತ್ತವೆ. ಬಾಗಿಲು ತೆರೆದವರು ಯಾರು, ಡಾಕ್ಟರ್ ಏನಂದರು, ಸೋಮವಾರ ನೋಡಿ. ಸೋಮವಾರದ ಹೊತ್ತಿಗೆ ಎರಡು ದಿನ ಕಳೆದಿದ್ದರೆ ಆ ಕೊಕ್ಕೆಯ ಬಿಗಿ ಅರ್ಧ ಸಡಿಲ ಆಗಿರುತ್ತದೆ.

ವಿನಾಯಿತಿಗಳನ್ನು ಅದೇ ದಿನ ಬರೆದಿಡಿ. ಭಾರತದ ಫೈನಲ್ ಇದೆಯಾ, ಚುನಾವಣೆ ಫಲಿತಾಂಶ ಇದೆಯಾ, ನೆಂಟರು ಬರುತ್ತಾರಾ. ಮೊದಲೇ ಬರೆದದ್ದು ಮಾತ್ರ ವಿನಾಯಿತಿ. ಆ ಹೊತ್ತಿಗೆ ನೆನಪಾದದ್ದು ನೆಪ.

ರೀಚಾರ್ಜ್, ಪ್ಯಾಕ್, ಆಟೋಪೇ

ನೋಡದ ತಿಂಗಳಿಗೆ ದುಡ್ಡು ಕಟ್ಟಿದ್ದರೆ ಎರಡನೇ ವಾರಕ್ಕೇ "ಕಟ್ಟಿದ್ದೀವಲ್ಲ, ಸುಮ್ನೆ ವೇಸ್ಟ್" ಎಂಬ ಮಾತು ಬರುತ್ತದೆ. ಆದ್ದರಿಂದ ರೀಚಾರ್ಜ್ ಮುಗಿಯುವ ದಿನಕ್ಕೆ ರಜೆಯನ್ನು ಹೊಂದಿಸಿಕೊಳ್ಳಿ. ಡಿಟಿಎಚ್ ಆಗಲಿ ಕೇಬಲ್ ಆಗಲಿ, ಸಂಪರ್ಕವನ್ನು ಕೆಲವು ಕಾಲ ನಿಲ್ಲಿಸಿಡಿ ಎಂದು ಗ್ರಾಹಕರು ಕೇಳಬಹುದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಎಷ್ಟು ದಿನ ಮುಂಚೆ ಹೇಳಬೇಕು, ಮತ್ತೆ ಶುರು ಮಾಡಲು ಎಷ್ಟು ಕಟ್ಟಬೇಕು ಎಂಬುದನ್ನು ಕಸ್ಟಮರ್ ಕೇರ್‌ನಲ್ಲಿ ಕೇಳಿ. ಕೇಬಲ್ ಆದರೆ ದುಡ್ಡು ತೆಗೆದುಕೊಳ್ಳಲು ಬರುವ ಹುಡುಗನಿಗೆ ಬಾಯಲ್ಲಿ ಹೇಳಿದರೆ ಸಾಲದು, ಆಪರೇಟರ್‌ಗೆ ಒಂದು ಮೆಸೇಜ್ ಕಳಿಸಿ ಇಟ್ಟುಕೊಳ್ಳಿ.

ಒಟಿಟಿ ಆ್ಯಪ್‌ಗಳದ್ದು ಬೇರೆ ಕಥೆ. ಅವು ತಮ್ಮಷ್ಟಕ್ಕೆ ದುಡ್ಡು ಕಡಿದುಕೊಳ್ಳುತ್ತವೆ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಭಾಗ ಇದೆ. ಅಲ್ಲಿ ಯಾವುದಕ್ಕೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ಸಿಗುತ್ತದೆ, ಬೇಡದ್ದನ್ನು ಅಲ್ಲೇ ನಿಲ್ಲಿಸಬಹುದು. ಕಾರ್ಡ್ ಕೊಟ್ಟಿದ್ದರೆ ಆಯಾ ಆ್ಯಪ್‌ನ ಒಳಗೇ ಹೋಗಿ ರದ್ದು ಮಾಡಬೇಕು. ಬರೀ ಆ್ಯಪ್ ಡಿಲೀಟ್ ಮಾಡಿದರೆ ದುಡ್ಡು ಹೋಗುವುದು ನಿಲ್ಲುವುದಿಲ್ಲ.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ರಿಮೋಟ್‌ನಿಂದ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಕರೆಂಟ್ ಎಳೆಯುತ್ತಲೇ ಇರುತ್ತದೆ. 10 ವ್ಯಾಟ್ ಎಳೆಯುವ ಬಾಕ್ಸ್ ಆದರೆ ತಿಂಗಳಿಗೆ 7 ಯೂನಿಟ್. ಗೃಹಜ್ಯೋತಿ ಇರುವ ಮನೆಗಳಲ್ಲಿ ಇದು ಬಿಲ್ಲಿನಲ್ಲಿ ಕಾಣದೇ ಇರಬಹುದು. ಆದರೆ ಮಿತಿಯ ಅಂಚಿನಲ್ಲಿ ಇರುವವರಿಗೆ 7 ಯೂನಿಟ್ ಕಡಿಮೆ ಏನಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಿ, ಪ್ಲಗ್ ಕಿತ್ತಿಡಿ.

ಕುರ್ಚಿ ತಿರುಗಿಸಿ

ರಿಮೋಟ್‌ನ ಸೆಲ್ ತೆಗೆದು ಬೀರುವಿನಲ್ಲಿಡಿ. ಸೆಲ್ ಹುಡುಕಿ, ಪ್ಲಗ್ ಹಾಕಿ, ಬಾಕ್ಸ್ ಶುರುವಾಗುವ ತನಕ ಕಾಯುವಷ್ಟರಲ್ಲಿ "ಹೋಗ್ಲಿ ಬಿಡು" ಅನ್ನಿಸಿಬಿಡುತ್ತದೆ. ಟಿವಿಯ ಮೇಲೆ ಹಳೆಯ ರೇಷ್ಮೆ ಸೀರೆಯ ತುಂಡೋ ಬೆಡ್‌ಶೀಟೋ ಹೊದಿಸಿ. ಇದೇನು ಹೊಸತಲ್ಲ. 80ರ ದಶಕದಲ್ಲಿ ಟಿವಿ ಬರುತ್ತಿದ್ದದ್ದೇ ಶಟರ್ ಇರುವ ಮರದ ಪೆಟ್ಟಿಗೆಯಲ್ಲಿ. ನೋಡಿ ಆದ ಮೇಲೆ ಶಟರ್ ಎಳೆದು ಮೇಲೊಂದು ಕ್ರೋಶಾ ಬಟ್ಟೆ ಹಾಸುತ್ತಿದ್ದರು.

ಇದಕ್ಕಿಂತ ಮುಖ್ಯ ಕೂರುವ ಜಾಗ. ನಿಮ್ಮ ಹಾಲ್ ಒಮ್ಮೆ ನೋಡಿ. ಸೋಫಾ, ಕುರ್ಚಿ, ದಿವಾನ ಎಲ್ಲವೂ ಟಿವಿಯ ಕಡೆಗೇ ಮುಖ ಮಾಡಿರುತ್ತವೆ. ಟಿವಿ ಆರಿಸಿದ ಮೇಲೂ ಎಲ್ಲರೂ ಕಪ್ಪು ಗಾಜನ್ನೇ ನೋಡುತ್ತ ಕೂರಬೇಕಾಗುತ್ತದೆ. ಎರಡು ಕುರ್ಚಿಯನ್ನಾದರೂ ಸೋಫಾಗೆ ಎದುರಾಗಿ ತಿರುಗಿಸಿ, ನಡುವೆ ಚಾಪೆ ಹಾಸಿ. ಇಡೀ ತಿಂಗಳಲ್ಲಿ ಅತಿ ಕಡಿಮೆ ಶ್ರಮ, ಅತಿ ಹೆಚ್ಚು ಉಪಯೋಗ ಆದದ್ದು ಇದೇ.

ಏಳರಿಂದ ಹತ್ತು

ರಜೆ ಗೆಲ್ಲುವುದೂ ಸೋಲುವುದೂ ಈ ಮೂರು ಗಂಟೆಯಲ್ಲಿ. ಬೆಳಿಗ್ಗೆಯ, ಮಧ್ಯಾಹ್ನದ ಟಿವಿ ಹೋದದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಮಾತ್ರ ಮನೆ ಬಿಕೋ ಅನ್ನುತ್ತದೆ. ಮೊದಲ ಎರಡು ಮೂರು ಸಂಜೆ ಎಲ್ಲರೂ ಬೇಗ ಊಟ ಮಾಡುತ್ತಾರೆ, ಸುಮ್ನೆ ಒಳಗೆ ಹೊರಗೆ ಓಡಾಡುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಹಾಗಾಗುತ್ತದೆ ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿರಿ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಮ್ಮ ಮನೆಗಳಲ್ಲಿ ಧಾರಾವಾಹಿಯ ಹೊತ್ತು ಅಂದರೆ ಕೈಕೆಲಸದ ಹೊತ್ತೂ ಹೌದು. ಬೆಳ್ಳುಳ್ಳಿ ಬಿಡಿಸುವುದು, ಸೊಪ್ಪು ಸೋಸುವುದು, ಹೂ ಕಟ್ಟುವುದು, ಒಣಗಿದ ಬಟ್ಟೆ ಮಡಿಸುವುದು ಎಲ್ಲ ಟಿವಿ ಮುಂದೆಯೇ ಆಗುತ್ತದೆ. ಈ ಕೆಲಸ ಮಾಡುವವರ ಕಣ್ಣು ಕೈಮೇಲೆ ಇರುತ್ತದೆ, ಕಿವಿ ಮಾತ್ರ ಟಿವಿಯ ಕಡೆ. ಅಂದರೆ ಅವರಿಗೆ ಬೇಕಾದ್ದು ದನಿ. ರೇಡಿಯೊ ಹಾಕಿ. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಮೈಸೂರು, ಧಾರವಾಡ ಕೇಂದ್ರಗಳೆಲ್ಲ ಫೋನಿನಲ್ಲೇ ಕೇಳಿಸುತ್ತವೆ. ಬೆಂಗಳೂರಿನಲ್ಲಿ ಇರುವವರಿಗೆ ಎಫ್‌ಎಂನಲ್ಲಿ 101.3 ರೇನ್‌ಬೋ ಇದೆ. ಫೋನನ್ನು ಕಪಾಟಿನ ಮೇಲೆ ಎತ್ತರದಲ್ಲಿ ಬೋರಲು ಹಾಕಿ ಇಡಿ. ಕೈಗೆ ಸಿಗುವಂತೆ ಇಟ್ಟರೆ ರೇಡಿಯೊ ಹತ್ತು ನಿಮಿಷದಲ್ಲಿ ರೀಲ್ಸ್ ಆಗುತ್ತದೆ.

ಇನ್ನೂ ಒಳ್ಳೆಯದು, ಆ ಕೆಲಸವನ್ನೇ ಎಲ್ಲರದ್ದೂ ಮಾಡುವುದು. ಚಾಪೆಯ ನಡುವೆ ಮೊರ, ಮೊರದಲ್ಲಿ ಕಾಳೋ ಸೊಪ್ಪೋ. ಚಳಿಗಾಲ ಆದರೆ ಅವರೆಕಾಯಿ ಸುಲಿಯಬಹುದು, ನೆನೆಸಿದ ಕಾಳು ಹಿತುಕಬಹುದು. ಹಿತುಕಿದ ಬೇಳೆ ಪುಳಕ್ ಎಂದು ಹಾರಿ ಎದುರಿಗೆ ಕೂತವರ ಕನ್ನಡಕಕ್ಕೆ ತಾಗಿದರೆ ಮಕ್ಕಳು ಅರ್ಧ ಗಂಟೆ ಜಾಗ ಬಿಟ್ಟು ಏಳುವುದಿಲ್ಲ. ಬಾಯಿ ತಾನಾಗಿ ಶುರುವಾಗುತ್ತದೆ. "ಬನ್ನಿ, ಕೂತು ಮಾತಾಡೋಣ" ಎಂದು ಕರೆದರೆ ಯಾರೂ ಮಾತಾಡುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ಯಾವುದೋ ಹಳೆಯ ಮದುವೆ ಜಗಳ ಹೊರಗೆ ಬರುತ್ತದೆ.

ಆಟ ಬೇಕು ಅಂದರೆ ಚೌಕಾಬಾರ ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ನಾಲ್ಕು ಕವಡೆ, ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜ. ಅಳಗುಳಿಮಣೆ ಅಟ್ಟದ ಮೇಲೆ ಇದ್ದರೆ ಇಳಿಸಿ. ತುಳುನಾಡಿನಲ್ಲಿ ಚೆನ್ನೆಮಣೆ ಅನ್ನುವ ಇದನ್ನು ಆಡುವುದೇ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಮಳೆ ಸುರಿದು ಹೊರಗೆ ಹೋಗಲಾಗದ ಹೊತ್ತಿನಲ್ಲಿ. ಜೂನ್‌ನಲ್ಲಿ ಶುರು ಮಾಡಿ ಇನ್ನೊಂದು ತಿಂಗಳು ಮುಂದುವರಿಸಿದವರಿಗೆ ಕಾಲವೂ ಕೂಡಿಬಂದಂತೆ.

ಇಡೀ ತಿಂಗಳು ಪೂರ್ತಿ ಆರಿಸುವುದು ಆಗದು ಅನ್ನಿಸಿದರೆ ಒಂದೂವರೆ ಗಂಟೆಯಾದರೂ ಆರಿಸಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ನಮ್ಮ ಬೆಳಗಾವಿ, ವಿಜಯಪುರಕ್ಕೆ ಅಂಟಿಕೊಂಡೇ ಇದೆ. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿನಲ್ಲಿ 2022ರ ಆಗಸ್ಟ್‌ನಿಂದ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗಿಸಲು ಶುರು ಮಾಡಿದರು. ಎಂಟೂವರೆ ತನಕ ಊರಿನ ಮನೆಗಳಲ್ಲಿ ಟಿವಿ, ಮೊಬೈಲ್ ಬಂದ್. ಕೊರೊನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಪುಸ್ತಕ ಹಿಡಿಯುತ್ತಿರಲಿಲ್ಲ ಎಂಬುದು ಅವರ ಚಿಂತೆ. ಅಲ್ಲಿ ಕೆಲಸ ಮಾಡಿದ್ದು ಸೈರನ್ ಅಲ್ಲ ಅಂತ ನನ್ನ ಅಂದಾಜು. ಪಕ್ಕದ ಮನೆಯಲ್ಲೂ ಆರಿದೆ ಎಂಬುದು. ನಡುಗೋಡೆಯ ಆಚೆಯಿಂದ ಶೀರ್ಷಿಕೆ ಗೀತೆ ಕೇಳಿಸುತ್ತಿದ್ದರೆ ಮಗು ಲೆಕ್ಕ ಮಾಡುವುದು ಹೇಗೆ? ಅಪಾರ್ಟ್‌ಮೆಂಟಿನಲ್ಲಿ ಇರುವವರು ಅದೇ ಮಹಡಿಯ ಇನ್ನೊಂದು ಮನೆಯನ್ನು ಜೊತೆಗೆ ಸೇರಿಸಿಕೊಳ್ಳಿ. ಮಕ್ಕಳು ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ.

ಮಗು ಮತ್ತು ತಟ್ಟೆ

ಕಾರ್ಟೂನ್ ಹಾಕದೆ ತುತ್ತು ಬಾಯಿಗೆ ಹೋಗದ ಮಕ್ಕಳು ಬೇಕಾದಷ್ಟು. ಒಂದು ವರ್ಷದ ಮಗುವಿಗೆ ಟಿವಿ, ಮೊಬೈಲ್ ಮುಂದೆ ಕೂರುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೇಳುವುದೇನೋ ಸುಲಭ, ಸಂಜೆ ನಾಲ್ಕೂವರೆಗೆ ದೋಸೆ ಹಿಡಿದು ಹಿಂದೆ ಓಡುವವರಿಗೆ ಗೊತ್ತು.

ಹೀಗೆ ಮಾಡಿ. ತಟ್ಟೆಯಲ್ಲಿ ಮೊದಲಿಗಿಂತ ಕಡಿಮೆ ಬಡಿಸಿ. ಮಗುವನ್ನು ನಿಮ್ಮ ಜೊತೆಗೇ ಊಟಕ್ಕೆ ಕೂರಿಸಿ, ತುತ್ತನ್ನು ಅದರ ಕೈಯಲ್ಲೇ ಕಲೆಸಿಕೊಳ್ಳಲು ಬಿಡಿ. ನೆಲಕ್ಕೆ ಚೆಲ್ಲುತ್ತದೆ, ಚೆಲ್ಲಲಿ, ಕೆಳಗೆ ಪೇಪರ್ ಹಾಸಿ. ಮೊದಲ ಕೆಲವು ದಿನ ಕಡಿಮೆ ತಿನ್ನುತ್ತದೆ. ಆರೋಗ್ಯವಾಗಿರುವ ಮಗು ಮುಂದಿನ ಊಟಕ್ಕೆ ಹಸಿದು ಬರುತ್ತದೆ. ತೂಕ ಕಡಿಮೆ ಇರುವ, ಔಷಧಿಯಲ್ಲಿರುವ ಮಗು ಆದರೆ ಮಾತ್ರ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ ಮುಂದುವರಿಯಿರಿ. ಅಜ್ಜಿ ಕದ್ದು ಯೂಟ್ಯೂಬ್ ಹಾಕಿಕೊಡುವುದೂ ನಡೆಯುತ್ತದೆ. ಅವರನ್ನು ಬೈಯುವ ಬದಲು ತುತ್ತಿಗೊಂದು ಕಥೆ ಹೇಳುವ ಕೆಲಸವನ್ನು ಅವರಿಗೇ ವಹಿಸಿ.

ಕೈಯಲ್ಲಿರುವ ಇನ್ನೊಂದು ಟಿವಿ

ರಜೆಯ ಹೆಚ್ಚಿನ ಪಾಲು ಇಲ್ಲೇ ಕೆಡುತ್ತದೆ. ಹಾಲಿನಲ್ಲಿ ಟಿವಿ ಆರಿತು, ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಮೊಬೈಲ್ ಹಿಡಿದರು. ಮೊದಲಾದರೆ ಒಂದೇ ಧಾರಾವಾಹಿಯನ್ನು ಒಟ್ಟಿಗೆ ಬೈಯುತ್ತಿದ್ದರು, ಈಗ ಅದೂ ಇಲ್ಲ. ಹೀಗಾಗುವುದಾದರೆ ಟಿವಿಯೇ ವಾಸಿ, ನಿಜವಾಗಿ ಹೇಳುತ್ತೇನೆ.

ಸಂಜೆಯ ಆ ಹೊತ್ತಿಗೆ ಎಲ್ಲರ ಫೋನಿಗೂ ಒಂದೇ ಜಾಗ ಇರಲಿ. ಬಾಗಿಲ ಬಳಿ ಒಂದು ಬುಟ್ಟಿ, ಪಕ್ಕದಲ್ಲಿ ಚಾರ್ಜರ್. ಕರೆ ಬಂದರೆ ಅಲ್ಲೇ ನಿಂತು ಮಾತಾಡುವುದು. ಚಾನೆಲ್‌ಗಳ ಪುಟಗಳನ್ನು ತಿಂಗಳ ಮಟ್ಟಿಗೆ ಮ್ಯೂಟ್ ಮಾಡಿ, ಇಲ್ಲದಿದ್ದರೆ ಪ್ರೋಮೊಗಳು ಬೆನ್ನು ಬಿಡುವುದಿಲ್ಲ. ಸ್ಮಾರ್ಟ್ ಟಿವಿ ಇರುವವರು ವೈಫೈಯಿಂದಲೂ ಅದನ್ನು ಬಿಡಿಸಿ. ಡಿಟಿಎಚ್ ನಿಂತರೂ ಯೂಟ್ಯೂಬ್ ನಿಂತಿರುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಇದು ಬರೀ ಅಭ್ಯಾಸದ ಮಟ್ಟ ದಾಟಿದ್ದರೆ, ಅಂದರೆ ನಿದ್ದೆ ಬಿಟ್ಟು ನೋಡುವುದು, ತಡೆದರೆ ಕೈ ಎತ್ತುವುದು, ಶಾಲೆ ಕೆಲಸಕ್ಕೆ ಹೋಗದಿರುವುದು, ಅಲ್ಲಿ ಬುಟ್ಟಿ ಚಾಪೆ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಷಟ್ ಕ್ಲಿನಿಕ್ 2014ರಿಂದ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಿಂಗಳಾದ ಮೇಲೆ

ಮತ್ತೆ ಟಿವಿ ಬೇಡವೇ ಬೇಡ ಅನ್ನುವವರು ಕಡಿಮೆ. ಬರಲಿ, ಆದರೆ ಹಳೆಯ ಪ್ಯಾಕ್ ಜೊತೆ ಬರುವುದು ಬೇಡ. 2019ರಿಂದ ಬೇಕಾದ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳಲು ಬರುತ್ತದೆ. ಫ್ರಿಜ್ಜಿನ ಹಾಳೆಯನ್ನು ಎದುರಿಗಿಟ್ಟುಕೊಂಡು, ನಿಜವಾಗಿ ನೋಡಿದ ಚಾನೆಲ್‌ಗಳನ್ನು ಮಾತ್ರ ಹಾಕಿಸಿ. ಕೆಲವೊಮ್ಮೆ ಬಿಡಿಬಿಡಿಯಾಗಿ ಕೊಂಡರೆ ಪ್ಯಾಕ್‌ಗಿಂತ ಜಾಸ್ತಿ ಆಗುತ್ತದೆ, ಎರಡನ್ನೂ ಕೂಡಿ ನೋಡಿ. ಹಳೆಯ ಸಿನಿಮಾ, ಕೃಷಿ ಕಾರ್ಯಕ್ರಮ, ಚಂದನ ಇಷ್ಟೇ ಸಾಕು ಅನ್ನುವ ಮನೆಗೆ ದೂರದರ್ಶನದ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ.

ಟಿವಿಗೆ ಮುಗಿಯುವ ಹೊತ್ತು ಒಂದು ಗೊತ್ತು ಮಾಡಿ. 1975ರಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ ಉಪಗ್ರಹದಿಂದ ಮೊದಲ ಸಲ ಟಿವಿ ಬಂದಾಗ ದಿನಕ್ಕೆ ನಾಲ್ಕು ಗಂಟೆ ಪ್ರಸಾರ, ಅಷ್ಟೇ. ಊರಿಗೊಂದು ಸೆಟ್, ಎಲ್ಲರೂ ಒಂದೇ ಕಡೆ ಕೂತು ನೋಡಿ ಎದ್ದು ಹೋಗುತ್ತಿದ್ದರು. ಐಸ್‌ಲ್ಯಾಂಡ್ ದೇಶದಲ್ಲಂತೂ 1987ರ ತನಕ ಸರ್ಕಾರಿ ಟಿವಿಗೆ ಗುರುವಾರ ವಾರದ ರಜೆ. ಈಗ ಪ್ರಸಾರ ನಿಲ್ಲಿಸುವವರು ಯಾರೂ ಇಲ್ಲ, ಮನೆಯವರೇ ನಿಲ್ಲಿಸಬೇಕು. ವಾರಕ್ಕೊಂದು ದಿನ ಪೂರ್ತಿ ಬಂದ್ ಇಡುವುದಾದರೆ ಮಂಗಳವಾರವೋ ಬುಧವಾರವೋ ಆರಿಸಿ. ಭಾನುವಾರ ಇಟ್ಟರೆ ಸಿನಿಮಾ ವಿಷಯಕ್ಕೆ ಜಗಳ ಗ್ಯಾರಂಟಿ.

ಧಾರಾವಾಹಿ ಬಿಡಲಾಗದವರು ನೇರ ಪ್ರಸಾರದ ಬದಲು ಆಮೇಲೆ ನೋಡುವ ರೂಢಿ ಮಾಡಿಕೊಳ್ಳಿ. ಗಂಟೆಗೆ 12 ನಿಮಿಷದ ತನಕ ಜಾಹೀರಾತು ಹಾಕಲು ಚಾನೆಲ್‌ಗಳಿಗೆ ಅವಕಾಶ ಇದೆ. ಅದರ ಮೇಲೆ ಶೀರ್ಷಿಕೆ ಗೀತೆ, ನಿನ್ನೆಯ ತುಣುಕು, ನಾಳೆಯ ತುಣುಕು. ಆ್ಯಪ್‌ನಲ್ಲಿ ಗೀತೆ, ತುಣುಕುಗಳನ್ನು ದಾಟಿಸಿದರೆ ಅರ್ಧ ಗಂಟೆಯದ್ದು ಬೇಗ ಮುಗಿಯುತ್ತದೆ.

ಮತ್ತೆ ರೀಚಾರ್ಜ್ ಮಾಡಿದ ದಿನ ಚಾನೆಲ್ ಬರಲಿಲ್ಲ ಎಂದು ಗಾಬರಿ ಬೇಡ. ತಿಂಗಳು ಪ್ಲಗ್ ಕಿತ್ತಿದ್ದ ಬಾಕ್ಸ್‌ಗೆ ಹೊಸ ಅನುಮತಿ ಸಿಗ್ನಲ್ ಮೂಲಕ ಬರಬೇಕು. ಬಾಕ್ಸ್ ಹಾಕಿ, ಹಣ ಕಟ್ಟಿದ ಯಾವುದಾದರೂ ಚಾನೆಲ್‌ನಲ್ಲಿ ಸ್ವಲ್ಪ ಹೊತ್ತು ಹಾಗೇ ಬಿಡಿ. ಆಗಲೂ ಬರದಿದ್ದರೆ ಕಸ್ಟಮರ್ ಕೇರ್‌ಗೆ ಹೇಳಿ ರಿಫ್ರೆಶ್ ಮಾಡಿಸಿ. ಬೀರುವಿನಲ್ಲಿಟ್ಟ ಸೆಲ್ ಹಾಕುವ ಮುಂಚೆ ಅದು ಸೋರಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.